ಪರಮಾಣು ಅಲ್ಲಾಡಿಸಿದವರು

ನನ್ನ ಮದುವೆಗೆ ಅಡ್ಡಗಾಲು ಹಾಕಿದವರು ನೆಂಟರಲ್ಲ, ನೆರೆಹೊರೆಯವರೂ ಅಲ್ಲ. ಕಣ್ಣಿಗೆ ಕಾಣದ ಎರಡು ಪರಮಾಣುಗಳು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಬೀದಿಯ ದರ್ಜಿಯಂತೂ ಇವತ್ತಿಗೂ ನಂಬಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲವಾದ್ದರಿಂದ ದರ್ಜಿಯೊಬ್ಬನನ್ನೇ ದೂರಿ ಪ್ರಯೋಜನವಿಲ್ಲ.

ನಾನು ಸ್ಕೂಟರ್ ರಿಪೇರಿ ಮಾಡುವವನು. ಅಕ್ಕ ಭಾವನ ಮನೆಯ ಮುಂದಿನ ಕೋಣೆಯೇ ನನ್ನ ಗ್ಯಾರೇಜು. ಎದುರಿಗೆ ಹಿಟ್ಟಿನ ಗಿರಣಿ. ಗಿರಣಿಯಲ್ಲಿ ತಕ್ಕಡಿಯ ಮುಂದೆ ಕೂರುವವಳು ಗಿರಣಿ ಯಜಮಾನರ ಒಬ್ಬಳೇ ಮಗಳು. ನಮ್ಮಿಬ್ಬರಿಗೂ ಮದುವೆ ಎಂದು ಎರಡೂ ಮನೆಯವರು ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ಯಜಮಾನರು ಕೇಳಿದಾಗ ಅವಳು "ಹೂಂ" ಅಂದಳಂತೆ. ಆ "ಹೂಂ" ನನ್ನ ಮೇಲಿನ ಇಷ್ಟಕ್ಕೆ ಬಂದದ್ದೋ, ಅಪ್ಪನ ಮಾತು ಬೇಗ ಮುಗಿಯಲಿ ಎಂದು ಬಂದದ್ದೋ ಎಂಬ ಅನುಮಾನ ನನ್ನನ್ನು ಹಗಲೂ ರಾತ್ರಿ ಕೊರೆಯುತ್ತಿತ್ತು. ಕೇಳೋಣವೆಂದರೆ ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಸದ್ದು ನಿಂತಾಗ ಅವಳಪ್ಪ ಪಕ್ಕದಲ್ಲೇ ಇರುತ್ತಾರೆ.

ಗಿರಣಿ ಯಜಮಾನರ ಬಗ್ಗೆ ಒಂದು ಮಾತು. ಹಿಟ್ಟು ಕಡಿಮೆ ತೂಗಿದೆ ಎಂದು ಯಾರಾದರೂ ಮುಖ ಸಿಂಡರಿಸಿದರೆ ಸಾಕು, ಯಂತ್ರ ನಿಲ್ಲಿಸಿ, ಬೀದಿಯವರನ್ನೆಲ್ಲ ಕರೆದು, ಮತ್ತೆ ಮತ್ತೆ ತೂಗಿ ತೋರಿಸುವ ಮನುಷ್ಯ. ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದವರಲ್ಲ. ಹಾಗೆಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು.

ಇನ್ನು ನಮ್ಮ ಭಾವ. ಗಿರಣಿಯ ಹಿಂದಿನ ಗೋಡೆಗೆ ತಾಗಿದಂತೆ ಒಂದು ಸಂಶೋಧನಾ ಸಂಸ್ಥೆ ಇದೆ. ಭಾವ ಅಲ್ಲಿ ಸ್ಟೋರ್ ಕೀಪರ್. ಕೈಗವಸು, ಗಾಜಿನ ಕುಪ್ಪಿ, ಸ್ಕ್ರೂ, ಬಲ್ಬು ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕೆಲಸ. ಒಳ್ಳೆಯ ಕೆಲಸ, ಗೌರವದ ಕೆಲಸ. ಆದರೆ ಬೀದಿಯಲ್ಲಿ ಯಾರಾದರೂ "ಎಲ್ಲಿ ಕೆಲಸ?" ಅಂದರೆ ಭಾವನಿಗೆ "ಸ್ಟೋರಿನಲ್ಲಿ" ಎನ್ನಲು ನಾಲಿಗೆ ತಿರುಗುತ್ತಿರಲಿಲ್ಲ. ಅದಕ್ಕಾಗಿ ಅವರಿವರ ಕೈಕಾಲು ಹಿಡಿದು, ತಮ್ಮ ಮೇಜನ್ನು ಸ್ಟೋರಿನಿಂದ ಎತ್ತಿಸಿ, "ಕ್ವಾಂಟಮ್ ಪ್ರಯೋಗಾಲಯ" ಎಂಬ ಬೋರ್ಡು ಇರುವ ಬಾಗಿಲಿನ ಹೊರಗೆ ಹಾಕಿಸಿಕೊಂಡರು. ಬೆಳಿಗ್ಗೆಯೆಲ್ಲ ಸ್ಟೋರು, ಮಧ್ಯಾಹ್ನ ಊಟವಾದ ಮೇಲೆ ಈ ಮೇಜು. ಅಂದಿನಿಂದ "ಎಲ್ಲಿ ಕೆಲಸ?" ಅಂದವರಿಗೆಲ್ಲ "ಕ್ವಾಂಟಮ್ಮಲ್ಲಿ" ಎನ್ನತೊಡಗಿದರು.

"ಅಂದ್ರೆ ಏನು?" ಎಂದು ದರ್ಜಿ ಕೇಳಿದ.

"ಹೇಳಿದ್ರೆ ನಿಮಗೆ ಅರ್ಥ ಆಗಲ್ಲ," ಎಂದರು ಭಾವ. ಆ ವಿಷಯದಲ್ಲಿ ಅವರಿಬ್ಬರ ನಡುವೆ ವ್ಯತ್ಯಾಸವಿರಲಿಲ್ಲ.

ಆ ಪ್ರಯೋಗಾಲಯಕ್ಕೆ ಮುಖ್ಯಸ್ಥೆ ಒಬ್ಬ ಮೇಡಂ. ಅವರ ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲವೆಂದು ಒಂದು ದಿನ ನನ್ನನ್ನು ಕರೆಸಿದ್ದರು. ನಾನು ಕೀಲಿಕೈ ಕೊಡಲು ಒಳಗೆ ಹೋದಾಗ ಮೇಡಂ ಭಾವನ ಮೇಜಿನ ಮುಂದೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

"ಬೆಳಕಿನಿಂದಲೇ ಮಾಡಿದ ಚಿಮಟದಲ್ಲಿ ಒಂದು ಪರಮಾಣು ಹಿಡಿದಿಟ್ಟಿದ್ದೀವಿ," ಎಂದರು. "ಇನ್ನೊಂದು ಚಿಮಟದಲ್ಲಿ ಇನ್ನೊಂದು. ಎರಡನ್ನೂ ತಣ್ಣಗೆ ಮಾಡಿ, ಮೆಲ್ಲಗೆ ಹತ್ತಿರ ತಂದು, ಸೇರಿಸಿ ಒಂದು ಅಣು ಮಾಡ್ಬೇಕು. ರಾಸಾಯನಿಕ ಕ್ರಿಯೆ ಅನ್ನೋದು ಹೇಗೆ ಶುರುವಾಗುತ್ತೆ ಅಂತ ಬುಡದಿಂದ ನೋಡೋಣ ಅಂತ. ಇನ್ನೇನು ಕೂಡ್ಬೇಕು, ಅಷ್ಟರಲ್ಲಿ ಏನೋ ಅಲ್ಲಾಡುತ್ತೆ. ಎರಡೂ ಎಲ್ಲೋ ಹಾರಿಹೋಗ್ತವೆ."

ನನ್ನ ಸಂಗತಿಯೂ ಆಗ ಅದೇ ಹಂತದಲ್ಲಿತ್ತು.

"ಯಾರು ಅಲ್ಲಾಡಿಸೋದು ಮೇಡಂ?" ಎಂದರು ಭಾವ.

"ಅದೇ ಗೊತ್ತಾಗ್ತಿಲ್ಲ. ಮೊದಲು ಇರ್ಲಿಲ್ಲ, ಈಚೆಗೆ ಶುರುವಾಗಿದೆ. ಅದೂ ಮಧ್ಯಾಹ್ನದ ಮೇಲೆ. ಹೊರಗಡೆ ಯಾವುದೋ ಯಂತ್ರ ಇರ್ಬೇಕು."

"ನನಗೆ ಬಿಡಿ ಮೇಡಂ. ಕಳ್ಳನ್ನ ನಾನು ನೋಡ್ಕೋತೀನಿ."

ಮೇಡಂ ಅಷ್ಟಕ್ಕೆ ಒಳಗೆ ಹೋಗಿದ್ದರೆ ನಮ್ಮ ಬೀದಿ ನೆಮ್ಮದಿಯಾಗಿರುತ್ತಿತ್ತು. ಆದರೆ ವಿಜ್ಞಾನಿಗಳಿಗೆ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಹೇಳುವ ಚಟವಿರುತ್ತದೆ. "ನಮ್ಮ ವಿಷಯದಲ್ಲಿ ನೋಡೋದೇ ಕಷ್ಟ ಕಣ್ರೀ. ನೋಡಿದ್ರೆ ಸಾಕು, ಬದಲಾಗಿಬಿಡುತ್ತೆ. ನೋಡೋವರೆಗೂ ಹಾಗೂ ಇರ್ಬಹುದು, ಹೀಗೂ ಇರ್ಬಹುದು, ಎರಡೂ ಬೆರೆತೇ ಇರ್ಬಹುದು," ಎಂದು ನಿಟ್ಟುಸಿರು ಬಿಟ್ಟು ಹೋದರು.

ಅವರು ಹೇಳಿದ್ದು ಪರಮಾಣುವಿನ ವಿಷಯ. ಭಾವ ಅದನ್ನು ಮನುಷ್ಯರಿಗೆ ಅನ್ವಯಿಸಿಬಿಟ್ಟರು.

ಸಂಜೆ ನನ್ನ ಗ್ಯಾರೇಜಿಗೆ ಬಂದು ಬೆಂಚಿನ ಮೇಲೆ ಕೂತು ಯೋಚಿಸತೊಡಗಿದರು. ಯೋಚನೆ ಹತ್ತಿದರೆ ಭಾವನ ಬಲಗಾಲು ತಾನಾಗಿ ಕುಣಿಯುತ್ತದೆ. ನಾನು ಬೆಂಚಿನ ತುದಿಯಲ್ಲಿ ಜೋಡಿಸಿಟ್ಟಿದ್ದ ನಟ್ಟುಗಳೆಲ್ಲ ಒಂದೊಂದಾಗಿ ಉದುರಿದವು. ನಾನು ಬೈದುಕೊಂಡು ಆರಿಸಿಟ್ಟೆ.

"ಮಧ್ಯಾಹ್ನದ ಹೊತ್ತು ನಮ್ಮ ಗೋಡೆ ಪಕ್ಕ ಓಡೋ ಯಂತ್ರ ಯಾವುದು?" ಎಂದರು ತಗ್ಗಿದ ದನಿಯಲ್ಲಿ.

ನಾನು ಎದುರಿಗೆ ನೋಡಿದೆ. ಗಿರಣಿ ಗಡಗಡ ಎನ್ನುತ್ತಿತ್ತು. ನನ್ನ ಎದೆಯೂ.

"ಬೇಡ ಭಾವ. ಅವರು ನನಗೆ ಮಾವ ಆಗೋರು."

"ವಿಜ್ಞಾನಕ್ಕೆ ಮಾವ ಅಳಿಯ ಇಲ್ಲ. ಆದ್ರೆ ನೇರವಾಗಿ ನೋಡೋ ಹಾಗಿಲ್ಲ. ನೋಡಿದ್ರೆ ಬದಲಾಗಿಬಿಡ್ತಾರೆ. ಒಂದು ಕನ್ನಡಿ ಕೊಡು."

ಮರುದಿನದಿಂದ ನಮ್ಮ ಭಾವ, ಸಂಸ್ಥೆಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ, ಗಿರಣಿಗೆ ಬೆನ್ನು ಹಾಕಿ ಬೀದಿಯ ನಡುವೆ ನಿಂತು, ಸ್ಕೂಟರಿನ ಕನ್ನಡಿಯನ್ನು ಭುಜದ ಮೇಲೆ ಹಿಡಿದು ನೋಡತೊಡಗಿದರು. ಎದುರು ಯಾರಾದರೂ ಬಂದರೆ ಮುಖ ಪಕ್ಕಕ್ಕೆ ತಿರುಗಿಸಿ ನಮಸ್ಕಾರ ಹೇಳುತ್ತಿದ್ದರು. ಒಂದು ಬೀದಿಯನ್ನು ಕೆಡಿಸಲು ಇಷ್ಟು ಸಾಕು. ಕನ್ನಡಿ ತನ್ನ ಕಿಟಕಿಗೇ ತಿರುಗಿದೆ ಎಂದು ದರ್ಜಿ ಪರದೆ ಎಳೆದುಕೊಂಡು ಹಿಂದಿನ ಕೋಣೆಯಲ್ಲಿ ಹೊಲಿಯತೊಡಗಿದ. ಪರದೆ ಎಳೆದದ್ದು ಯಾಕೆ ಎಂದು ಅವನ ಎದುರುಮನೆಯವರಿಗೆ ಅನುಮಾನ ಬಂತು. ಅವರು ಗೇಟಿಗೆ ಬೀಗ ಹಾಕಿದರು. ಬೀಗ ನೋಡಿ ಮೇಲ್ಮನೆಯ ಅಜ್ಜಿ ತನ್ನ ಬೆಕ್ಕನ್ನು ಹೊರಗೆ ಬಿಡುವುದು ನಿಲ್ಲಿಸಿದಳು. ಭಾವ ಮಾತ್ರ "ನೋಡಿದ್ಯಾ, ಎಲ್ಲರೂ ಹೇಗೆ ಬದಲಾಗ್ತಿದ್ದಾರೆ! ಮೇಡಂ ಹೇಳಿದ್ದು ಅಕ್ಷರಶಃ ನಿಜ," ಎಂದು ನನ್ನ ಬೆನ್ನು ತಟ್ಟಿದರು.

ದರ್ಜಿ ದೂರು ಕೊಟ್ಟ. ಪೊಲೀಸ್ ಪೇದೆ ಬಂದ.

"ಕನ್ನಡೀಲಿ ಯಾರನ್ನ ನೋಡ್ತಿದ್ದೀರಿ?"

"ಯಾರನ್ನೂ ನೋಡ್ತಿಲ್ಲ ಸಾರ್. ನೋಡಿದ್ರೆ ಕೆಟ್ಟೋಗುತ್ತೆ."

"ಏನು ಕೆಟ್ಟೋಗುತ್ತೆ?"

"ಅವರ ನಿಜಸ್ಥಿತಿ."

"ಯಾರದು?"

"ಅದು ನೋಡಿದ ಮೇಲೆ ತಾನೆ ಗೊತ್ತಾಗೋದು?"

ಪೇದೆ ಟೋಪಿ ತೆಗೆದು ತಲೆ ಕೆರೆದುಕೊಂಡ. "ಈಗ ನಾನು ನಿಮ್ಮನ್ನ ನೋಡ್ತಿದ್ದೀನಲ್ಲ, ನೀವು ಬದಲಾಗ್ತಿದ್ದೀರಾ?"

"ಆಗ್ತಿದ್ದೀನಿ ಸಾರ್. ಬೆವರ್ತಿದ್ದೀನಿ."

ಪೇದೆ ನನ್ನನ್ನು ಪಕ್ಕಕ್ಕೆ ಕರೆದ. "ಇವರು ನಿಮಗೇನಾಗ್ಬೇಕು?"

"ಅಕ್ಕನ ಗಂಡ."

"ಅಕ್ಕ ಆರಾಮಾಗಿದ್ದಾರಾ?"

"ತಾಳ್ಮೆ ಇದೆ ಸಾರ್."

ಪೇದೆ ನಿಟ್ಟುಸಿರು ಬಿಟ್ಟು, ಕನ್ನಡಿ ನನ್ನ ಕೈಗೆ ಕೊಟ್ಟು, ಹೋಗುವಾಗ ಗಿರಣಿಯ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ ಹೋದ. ಪೇದೆ ನೋಡಿದ್ದನ್ನು ಬೀದಿಯೆಲ್ಲ ನೋಡಿತು.

ಇಷ್ಟಾದ ಮೇಲೂ ಮದುವೆಯ ಮಾತು ಮುಗಿಸಲು ಗಿರಣಿ ಯಜಮಾನರು ಮಗಳೊಂದಿಗೆ ನಮ್ಮ ಮನೆಗೆ ಬಂದರು ಎಂದರೆ ಅವರ ದೊಡ್ಡತನ. ಅಕ್ಕ ಕುರ್ಚಿ ಒರೆಸಿ, ಒಳ್ಳೆಯ ಲೋಟಗಳನ್ನು ಇಳಿಸಿ ಕಾಫಿ ಮಾಡಿದ್ದಳು. ಭಾವ ಬಂದವರೇ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಯಜಮಾನರಿಗೆ ಬೆನ್ನು ಹಾಕಿ ಕೂತರು.

"ಏನಮ್ಮಾ ಇದು, ಇವರಿಗೆ ನನ್ನ ಮುಖ ನೋಡೋಕೂ ಇಷ್ಟ ಇಲ್ವಾ?" ಎಂದರು ಯಜಮಾನರು.

"ಕುತ್ತಿಗೆ ಉಳುಕಿದೆ," ಎಂದಳು ಅಕ್ಕ.

"ಉಳುಕಿಲ್ಲ," ಎಂದರು ಭಾವ ಗೋಡೆಗೆ. "ಯಜಮಾನ್ರೇ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ನಮ್ಮ ಪರಮಾಣು ಯಾರೋ ಅಲ್ಲಾಡಿಸ್ತಿದ್ದಾರೆ. ನಿಮ್ಮ ಗಿರಣಿ ಇರ್ಬಹುದು, ಇಲ್ದೇನೂ ಇರ್ಬಹುದು. ಖಾತ್ರಿಯಾಗಿ ನೋಡೋವರೆಗೂ ನೀವು ಅರ್ಧ ಕಳ್ಳರು, ಅರ್ಧ ಸಾಚಾ. ವಿಜ್ಞಾನ ಹಾಗೆ ಹೇಳುತ್ತೆ."

ಅಕ್ಕ ಲೋಟಗಳನ್ನು ಯಜಮಾನರ ಕೈಗೆಟುಕದಂತೆ ದೂರ ಸರಿಸಿದಳು.

"ಅರ್ಧ ಕಳ್ಳ!" ಯಜಮಾನರು ಎದ್ದರು. "ಪೂರ್ತಿ ಕಳ್ಳ ಅಂದಿದ್ರೆ ಕಪಾಳಕ್ಕೆ ಎರಡು ಬಿಟ್ಟು ಹೋಗ್ತಿದ್ದೆ. ಅರ್ಧ ಅಂದ್ರೆ ನಾನೇನು ಮಾಡ್ಲಿ? ಯಾವ ಅರ್ಧ?"

"ಯಾವ ಅರ್ಧ ಅಂತ ಬಿಡಿಸೋಕಾಗಲ್ಲ. ಎರಡೂ ಬೆರೆತಿರುತ್ತೆ."

"ಹಿಟ್ಟಲ್ಲಿ ಕಲ್ಲು ಬೆರೆತ ಹಾಗೋ?"

"ಹಾಗೇ ಅಂದ್ಕೊಳ್ಳಿ."

ನಮ್ಮ ಕಿಟಕಿಯ ಹೊರಗೆ ಗುಂಡಿ ಹುಡುಕುವ ನೆವದಲ್ಲಿ ಬಗ್ಗಿದ್ದ ದರ್ಜಿಗೆ ಇಡೀ ಮಾತುಕತೆಯಲ್ಲಿ ಮುಖ್ಯವಾಗಿ ಕಂಡದ್ದು ಇದೊಂದೇ. ಕತ್ತಲಾಗುವ ಮೊದಲೇ, ಗಿರಣಿಯವರು ಹಿಟ್ಟಿಗೆ ಕಲ್ಲುಪುಡಿ ಬೆರೆಸುತ್ತಾರೆ, ಅದನ್ನು ಕ್ವಾಂಟಮ್ಮಿನವರು ಕನ್ನಡಿ ಹಿಡಿದು ಪತ್ತೆ ಮಾಡಿದರು, ಪೊಲೀಸರೂ ಬಂದು ನೋಡಿಹೋದರು ಎಂದು ಸುದ್ದಿಯಾಯಿತು. ಮರುದಿನ ಗಿರಣಿಗೆ ಬಂದವರು ಹಿಟ್ಟನ್ನು ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ ನಿಂತುಕೊಂಡರು. ಅರ್ಧ ಜನ ಬರಲೇ ಇಲ್ಲ.

ಯಜಮಾನರು ಬೀದಿ ದಾಟಿ ನಮ್ಮ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು: "ನಾಳೆ ಮಧ್ಯಾಹ್ನ ಗಿರಣಿ ನಿಲ್ಲಿಸ್ತೀನಿ. ಆ ಮೇಡಂ ಯಂತ್ರದ ಮುಂದೆ ನಾನೇ ನಿಂತು ನೋಡ್ತೀನಿ. ಅಲ್ಲಾಡೋದು ನಿಂತ್ರೆ ನಾನೇ ಕಳ್ಳ. ಗಿರಣಿ ಮುಚ್ಚಿ ಮಗಳನ್ನ ಕರ್ಕೊಂಡು ಬೇರೆ ಊರಿಗೆ ಹೋಗ್ತೀನಿ. ನಿಲ್ಲಲಿಲ್ವೋ, ಈ ಮನುಷ್ಯ ನನ್ನ ಮುಖ ನೋಡಿ ತಪ್ಪಾಯ್ತು ಅನ್ಬೇಕು. ಅಲ್ಲೀವರೆಗೂ ಮದುವೆ ಮಾತೆತ್ತಬೇಡಿ."

ನಾನು ಅವಳ ಮುಖ ನೋಡಿದೆ. ಅವಳು ತಕ್ಕಡಿಯ ಬಟ್ಟಲು ಒರೆಸುತ್ತಿದ್ದಳು. ಬೇಸರವೋ, ಬಿಡುಗಡೆಯೋ ಒಂದೂ ತಿಳಿಯಲಿಲ್ಲ. ಬಿಡುಗಡೆಯೇ ಇರಬೇಕು ಎಂದುಕೊಂಡು ಆ ದಿನ ಒಂದು ಸ್ಕೂಟರಿಗೆ ಬ್ರೇಕ್ ತಂತಿಯ ಬದಲು ಕ್ಲಚ್ ತಂತಿ ಹಾಕಿಬಿಟ್ಟೆ.

ಮೇಡಂ ಒಪ್ಪಿದರು. ಗಿರಣಿಯನ್ನು ಒಂದು ಮಧ್ಯಾಹ್ನ ನಿಲ್ಲಿಸಿ ನೋಡಬೇಕೆಂದು ಅವರಿಗೂ ಆಸೆಯಿತ್ತು, ಕೇಳಲು ಧೈರ್ಯವಿರಲಿಲ್ಲ. ಪ್ರಯೋಗಾಲಯ ಎಂದರೆ ಕತ್ತಲೆ ಕೋಣೆ. ಬಾಗಿಲಿಗೆ ದಪ್ಪ ಕಪ್ಪು ಪರದೆ. ನಡುವೆ ಒಂದು ಭಾರಿ ಉಕ್ಕಿನ ಮೇಜು, ಅದರ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಕನ್ನಡಿಗಳ ಸಂತೆ, ಮೂಲೆಯಲ್ಲಿ ಒಂದು ಕಂಪ್ಯೂಟರ್ ತೆರೆಯ ಮೇಲೆ ಹಸಿರು ಗೆರೆ. ಗೆರೆ ನೇರವಾಗಿದ್ದರೆ ಎಲ್ಲ ಶಾಂತ. ಕುಣಿದರೆ ಯಾರೋ ಅಲ್ಲಾಡಿಸುತ್ತಿದ್ದಾರೆ ಎಂದರ್ಥ. ಜಾಗ ಕಡಿಮೆಯಾದ್ದರಿಂದ ಒಳಗೆ ಮೇಡಂ ಮತ್ತು ಯಜಮಾನರು. ಹೊರಗೆ ತಮ್ಮ ಮೇಜಿನ ಹಿಂದೆ ಭಾವ, ಗೋಡೆಗೊರಗಿ ನಾನು, ಸ್ವಲ್ಪ ದೂರದಲ್ಲಿ ಅವಳು.

ಗಿರಣಿ ನಿಂತಿತ್ತು.

"ಅಲ್ಲಾಡ್ತಿದೆ!" ಒಳಗಿಂದ ಯಜಮಾನರ ಕೂಗು. "ಮೇಡಂ, ಕುಣೀತಿದೆ ತಾನೆ? ನೀವೂ ನೋಡಿದ್ರಿ ತಾನೆ?"

ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಮೇಡಂ ಮಾತ್ರ ಅಳುವ ದನಿಯಲ್ಲಿ, "ಹಾಗಾದ್ರೆ ಮತ್ತೆ ಯಾರು? ರೀ ಸ್ಟೋರ್ ಕೀಪರ್, ಸ್ವಲ್ಪ ಒಳಗೆ ಬನ್ನಿ," ಎಂದರು. ಭಾವ ಎದ್ದು ಒಳಗೆ ಹೋದರು. ಸರಿದ ಪರದೆಯ ಸಂದಿಯಿಂದ ನಾನೂ ಇಣುಕಿದೆ. ಗೆರೆ ತಟಕ್ಕನೆ ನೇರವಾಯಿತು. ಹೊರಗೆ ಬಂದು ಕೂತರು. ಕುಣಿಯಿತು. ಮತ್ತೆ ಕರೆದರು. ನೇರವಾಯಿತು.

ಭಾವನ ಮುಖ ಅರಳಿತು. "ಮೇಡಂ, ನಾನು ನೋಡಿದ್ರೆ ಸುಮ್ಮನಾಗ್ತವೆ! ನನ್ನ ಕಣ್ಣಿಗೆ ಹೆದರ್ತವೆ! ನನ್ನನ್ನ ಇಲ್ಲೇ ಖಾಯಂ ಆಗಿ ನೋಡೋ ಕೆಲಸಕ್ಕೆ ಹಾಕಿಬಿಡಿ."

ಮೇಡಂ ದೊಡ್ಡ ವಿಜ್ಞಾನಿ. ಆದರೂ ಒಂದು ಗಳಿಗೆ ಅವರು ನಂಬಿಬಿಟ್ಟರೋ ಎಂದು ನನಗೆ ಅನುಮಾನ. ಯಜಮಾನರು ನಂಬಲಿಲ್ಲ. "ಇದರಲ್ಲಿ ಏನೋ ಮೋಸ ಇದೆ. ಇವರನ್ನ ಆಚೆ ಕೂರಿಸಿ," ಎಂದು ಗುಡುಗಿದರು.

ಭಾವ ಹೊರಗೆ ಬಂದು ತಮ್ಮ ಹೊಸ ಹುದ್ದೆಯ ಯೋಚನೆಯಲ್ಲಿ ಕೂತರು. ಆಗ ಅವಳು ಮೊದಲ ಸಲ ನನ್ನೊಡನೆ ಮಾತಾಡಿದಳು.

"ನಿಮ್ಮ ಭಾವನ ಕಾಲು ಯಾವಾಗ್ಲೂ ಹೀಗೇನಾ?"

ನೋಡಿದೆ. ಬಲಗಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಓಡುತ್ತಿತ್ತು. ಕಾಲಿನ ಕೆಳಗೆ ಒಂದು ಕಬ್ಬಿಣದ ಹಲಗೆ. ಹಲಗೆಯ ಕೆಳಗೆ ವೈರುಗಳು ಹೋಗುವ ಕಾಲುವೆ. ಕಾಲುವೆ ಗೋಡೆಯಡಿ ನುಸುಳಿ ನೇರವಾಗಿ ಆ ಉಕ್ಕಿನ ಮೇಜಿನ ಬುಡಕ್ಕೆ ಹೋಗುತ್ತಿತ್ತು.

"ಸಾರ್, ಕಾಲು ನಿಲ್ಲಿಸಿ," ಎಂದಳು.

ಭಾವ ನಿಲ್ಲಿಸಿದರು. "ನಿಂತಿತು!" ಎಂದರು ಒಳಗಿಂದ ಮೇಡಂ.

"ಈಗ ಅಲ್ಲಾಡ್ಸಿ."

"ಶುರುವಾಯ್ತು!"

ಭಾವ ಬಗ್ಗಿದರು. ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅದು ಬೇರೆ ಯಾರದೋ ಎಂಬಂತೆ ನೋಡಿದರು. "ತಾಯೀ, ಯಾರಿಗೂ ಹೇಳ್ಬೇಡಮ್ಮ," ಎಂದರು ಪಿಸುದನಿಯಲ್ಲಿ. "ಮತ್ತೆ ಸ್ಟೋರಿಗೆ ಓಡಿಸ್ತಾರೆ. ಬೀದೀಲಿ ತಲೆ ಎತ್ತೋಕಾಗಲ್ಲ. ನಿಮ್ಮಪ್ಪ ಹೇಗೂ ಸಾಚಾ ಅಂತ ಆಯ್ತಲ್ಲ."

"ನಮ್ಮಪ್ಪ ಬಚಾವಾದ್ರು. ನಾಳೆ ಯಾರ ಮೇಲೆ ಕನ್ನಡಿ ಹಿಡೀತೀರಿ? ಇವರ ಗ್ಯಾರೇಜಿನ ಮೇಲಾ? ನೀವೇ ಹೋಗಿ ಹೇಳ್ತೀರೋ, ನಾನು ಹೇಳ್ಲೋ?"

ಭಾವನನ್ನು ಕಂಡು ನನಗೆ ಪಾಪ ಎನ್ನಿಸಿತು. ಕೈಯಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ನನಗೆ ಕೇಳದೆಯೇ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟ ಮನುಷ್ಯ. ಅವರು ಅಂಗಿ ಸರಿಮಾಡಿಕೊಂಡು, ಪರದೆ ಸರಿಸಿ ಒಳಗೆ ಹೋದರು. ನಾವೂ ಹಿಂದೆಯೇ ಇಣುಕಿದೆವು.

"ಮೇಡಂ, ಕಳ್ಳ ಸಿಕ್ಕಿದ."

"ಯಾರು?"

"ನನ್ನ ಬಲಗಾಲು ಮೇಡಂ. ಎಡಗಾಲು ಏನೂ ಮಾಡಿಲ್ಲ." ಆಮೇಲೆ ಭಾವ ತಿರುಗಿ, ಎಷ್ಟೋ ದಿನಗಳ ನಂತರ ಒಬ್ಬ ಮನುಷ್ಯನ ಮುಖವನ್ನು ನೇರವಾಗಿ ನೋಡಿದರು. "ತಪ್ಪಾಯ್ತು ಯಜಮಾನ್ರೇ. ನಿಮ್ಮ ಹಿಟ್ಟು ಶುದ್ಧ. ಬೀದೀಲಿ ನಿಂತು ನಾನೇ ಕೂಗಿ ಹೇಳ್ತೀನಿ."

ಯಜಮಾನರು ಅವರ ಎರಡೂ ಕಾಲುಗಳನ್ನು ಸಾವಕಾಶವಾಗಿ ನೋಡಿದರು. "ಹಾಗಾದ್ರೆ ಅರ್ಧ ಕಳ್ಳ ನೀವೇ ಅನ್ನಿ," ಎಂದರು. ಹೇಳಿದವರೇ ನಗತೊಡಗಿದರು. ಭಾವನೂ ನಕ್ಕರು. ಹಸಿರು ಗೆರೆ ಹುಚ್ಚು ಹಿಡಿದಂತೆ ಕುಣಿಯಿತು. "ನಗಬೇಡ್ರೀ, ಪರಮಾಣು ಬಿದ್ದುಹೋಗ್ತವೆ!" ಎಂದು ಮೇಡಂ ಎರಡೂ ಕೈ ಜೋಡಿಸಿದರು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ನಿರಾಳವಾಗಿ ಉಸಿರು ಬಿಟ್ಟೆ. ಯಜಮಾನರ ನಗು ನಿಂತಿತು. ಅವರ ಕಣ್ಣು ನನ್ನ ಮೊಣಕಾಲಿಗೆ ಬಂತು.

"ಅದು ಸರಿ. ಹುಡುಗನ ಕಾಲು ಹೇಗೆ?"

"ಅವನು ನನ್ನ ಹೆಂಡ್ತಿ ತಮ್ಮ, ನನ್ನ ರಕ್ತ ಅಲ್ಲ," ಎಂದರು ಭಾವ.

"ಒಂದೇ ಮನೇಲಿ ಇದ್ದಾನಲ್ಲ, ಅಂಟಿಕೊಂಡಿರುತ್ತೆ. ಕಾಲು ನಿಲ್ಲದವನಿಗೆ ಮನಸ್ಸೂ ನಿಲ್ಲಲ್ಲ. ಅಂಥವನಿಗೆ ನಾನು ಮಗಳನ್ನ ಕೊಡೋನಲ್ಲ. ಆ ಕುರ್ಚೀಲಿ ಕೂರ್ಲಿ. ಗೆರೆ ನೇರವಾಗಿದ್ರೆ ಮದುವೆ. ಕುಣಿದ್ರೆ ಇಲ್ಲ."

ಮೇಡಂ ತಡೆಯುತ್ತಾರೆಂದು ನೋಡಿದೆ. ಅವರ ಕಣ್ಣುಗಳು ಹೊಳೆಯುತ್ತಿದ್ದವು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ನೀವು ಅಲ್ಲಾಡದೆ ಇದ್ರೆ ನಾನು ಈಗ್ಲೇ ಎರಡನ್ನೂ ಕೂಡಿಸ್ತೀನಿ," ಎಂದರು. ಯಾರ ಚಿಂತೆ ಯಾರಿಗೆ!

ನಾನು ಭಾವನ ಕುರ್ಚಿಯಲ್ಲಿ ಕೂತೆ. ಅವರೆಲ್ಲ ಒಳಗೆ ಗೆರೆಯ ಮುಂದೆ. ಹೊರಗೆ ನಾನು ಮತ್ತು ಗೋಡೆಯ ಬಳಿ ನಿಂತ ಅವಳು. ಜನ್ಮದಲ್ಲಿ ಒಮ್ಮೆಯೂ ಕಾಲು ಅಲ್ಲಾಡಿಸದ ನನಗೆ ಆಗ ಎರಡೂ ಕಾಲುಗಳ ಮೇಲೆ ಅನುಮಾನ ಬಂತು. ಎರಡು ಕೈಯಿಂದಲೂ ಮೊಣಕಾಲುಗಳನ್ನು ಅದುಮಿ ಹಿಡಿದೆ. ಬೆರಳ ಗೆಣ್ಣುಗಳು ಬೆಳ್ಳಗಾದವು. ಉಸಿರೂ ನಿಲ್ಲಿಸಿದೆ.

"ಅಲ್ಲಾಡ್ತಿದೆ!" ಒಳಗಿಂದ ಮೇಡಂ ಚೀರಿದರು. "ಅಯ್ಯೋ, ಇನ್ನೇನು ಕೂಡ್ಬೇಕು ಅನ್ನೋ ಹೊತ್ತಿಗೆ!"

ಬಲಗಾಲು ನೋಡಿದೆ, ಕಲ್ಲಿನಂತಿತ್ತು. ಎಡಗಾಲು ನೋಡಿದೆ, ಅದೂ ಹಾಗೆಯೇ. ಆಮೇಲೆ ತಲೆ ಎತ್ತಿ ನೋಡಿದರೆ, ಕಬ್ಬಿಣದ ಹಲಗೆಯ ಆ ತುದಿಯಲ್ಲಿ ಅವಳು ಉಗುರು ಕಚ್ಚುತ್ತ, ನನ್ನ ಮೊಣಕಾಲುಗಳನ್ನೇ ದಿಟ್ಟಿಸುತ್ತ ನಿಂತಿದ್ದಳು. ಅವಳ ಹಿಮ್ಮಡಿ ಟಕಟಕ ಟಕಟಕ ಎಂದು ಬಡಿಯುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

ನನ್ನನ್ನು ಇಷ್ಟು ದಿನ ಕೊರೆದ ಅನುಮಾನ ಅಲ್ಲೇ ಸತ್ತಿತು. ಅಷ್ಟರಲ್ಲಿ ಪರದೆ ಸರಿಯಿತು. ಯಜಮಾನರು ಹೊರಗೆ ಬಂದು ನನ್ನ ಮುಂದೆ ನಿಂತರು.

"ನನ್ನ ಕಾಲೇ ಮಾವ," ಎಂದೆ. ಅವಳ ಹೆಸರು ಬರುವುದಕ್ಕಿಂತ ಮದುವೆ ಮುರಿಯುವುದೇ ವಾಸಿ ಎನ್ನಿಸಿತು.

ಅವರು ನನ್ನ ಮೊಣಕಾಲುಗಳನ್ನು ನೋಡಿದರು, ಅವನ್ನು ಅದುಮಿ ಹಿಡಿದಿದ್ದ ಬೆಳ್ಳಗಾದ ಬೆರಳುಗಳನ್ನು ನೋಡಿದರು. ಆಮೇಲೆ ಮಗಳ ಹಿಮ್ಮಡಿ ನೋಡಿದರು. ಅದಿನ್ನೂ ಬಡಿಯುತ್ತಲೇ ಇತ್ತು. ಬಳಿಕ ಪರದೆ ಸರಿಸಿಕೊಂಡು ಒಳಗೆ ಹೋದರು.

"ಏನಿಲ್ಲ ಮೇಡಂ," ಎಂದರು. "ಆಚೆ ರಸ್ತೇಲಿ ಲಾರಿ ಹೋಯ್ತು."